ಖಾಲಿ ಮಗ್ಗದ ಎರಡು ದಿನ

ಬೆಟಗೇರಿ
೪ ಮಾರ್ಚ್ ೨೦೨೫, ಮಂಗಳವಾರ

ಅನ್ನಪೂರ್ಣಾ,

ಈ ಪತ್ರವನ್ನು ಕೊಟ್ರೇಶಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ. ನಿಮ್ಮೂರಿನ ಬದನೆಕಾಯಿಯನ್ನು ಗದಗಿನ ಮಾರ್ಕೆಟ್ಟಿಗೆ ಇಳಿಸಿ ವಾಪಸ್ ಹೋಗುವಾಗ ನಮ್ಮ ಓಣಿಯ ಮೇಲೆ ಹಾಯ್ದು ಹೋಗು ಅಂದೆ, ಒಪ್ಪಿದ. ಫೋನ್ ಇರುವಾಗ ಇವಳಿಗೇನು ಬಂತು ಎಂದು ನಗಬೇಡ. ಮನೆಯಲ್ಲಿರುವುದು ಒಂದೇ ಫೋನು, ಅದು ಇವರದ್ದು. ನಿನ್ನ ಜೊತೆ ಮಾತಾಡಲು ಹಿಡಿದರೆ ಅತ್ತೆ, "ಸ್ಪೀಕರ್ ಹಚ್ಚವಾ, ನಾನೂ ಕೇಳ್ತೀನಿ" ಅನ್ನುತ್ತಾರೆ. ಆಮೇಲೆ ನನ್ನ ಬಾಯಿಂದ ಹೂಂ ಬಿಟ್ಟು ಬೇರೆ ಏನೂ ಬರುವುದಿಲ್ಲ. ನಿನಗೆ ಗೊತ್ತಿದ್ದದ್ದೇ. ಶಿರಹಟ್ಟಿ ಶಾಲೆಯಲ್ಲಿ ಏಳನೇ ಇಯತ್ತೆವರೆಗೂ ಗುರುಗಳು ನನ್ನನ್ನು ಪ್ರಶ್ನೆ ಕೇಳಿದರೆ ಉತ್ತರ ಹೇಳುತ್ತಿದ್ದವಳು ಪಕ್ಕದಲ್ಲಿ ಕೂತ ನೀನು. ಬರೆಯುವುದಾದರೆ ಮಾತ್ರ ನನಗೆ ಸ್ವಲ್ಪ ಬರುತ್ತದೆ.

ವಿಷಯ ಇಷ್ಟೇ. ಎರಡು ದಿನ ನಿಮ್ಮ ಹಮ್ಮಿಗಿಗೆ ಬರಬೇಕು ಅಂತ ಮಾಡಿದ್ದೇನೆ. ನಾನು, ಇವರು, ಅಪ್ಪು, ಸುಶ್ಮಿತಾ. ಅಪ್ಪುವಿಗೆ ಆರು ತುಂಬಿತು, ಅವಳಿಗೆ ಮೂರು. ಇಬ್ಬರೂ ಹೊಳೆ ನೋಡಿಲ್ಲ. ನಳ ಬಂದ ದಿನ ಓಣಿಯಲ್ಲಿ ಹರಿಯುವ ನೀರಿಗೇ ಅಪ್ಪು ಹೊಳೆ ಅನ್ನುತ್ತಾನೆ.

ಖರೆ ಹೇಳುತ್ತೇನೆ, ಮಕ್ಕಳ ಹೆಸರು ಹೇಳಿ ಕೇಳುತ್ತಿದ್ದೇನೆ, ಆಸೆ ನನ್ನದು. ಮದುವೆಯಾಗಿ ಎಂಟು ವರ್ಷ. ಎರಡು ಬಾಣಂತನ ಮತ್ತು ಅವ್ವನ ಮಣ್ಣು, ಇವು ಬಿಟ್ಟರೆ ಈ ಮನೆಯ ಹೊರಗೆ ಮಲಗಿ ಎದ್ದಿಲ್ಲ. ಬೆಳಗ್ಗೆ ಕಣ್ಣು ತೆರೆದಾಗಲೇ ಮೈ ದಣಿದಿರುತ್ತದೆ. ಒಲೆ, ನೀರು, ಮಕ್ಕಳು, ಆಮೇಲೆ ಇವರ ಲಾಳಿಗೆ ನೂಲು ಸುತ್ತಿ ಕೊಡುವುದು. ಎರಡು ದಿನ ಯಾರ ಕೆಲಸವನ್ನೂ ಮಾಡದೆ ನೀರಿನಲ್ಲಿ ಕಾಲು ಬಿಟ್ಟು ಕೂರಬೇಕು. ಅಷ್ಟೇ.

ಇವರನ್ನು ಕೇಳಿದೆ. ಲಾಳಿ ಎಸೆಯುತ್ತಲೇ ಹೇಳಿದರು: "ಈ ಹಾಸು ಮುಗೀಲಿ. ಮಗ್ಗ ಖಾಲಿ ಆದಾಗ ಹೋಗೂಣು." ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು, ಅದೇ ಹಾಸು, ಇನ್ನು ಎರಡು ಸೀರೆಯಷ್ಟು ಉಳಿದಿದೆ. ಯುಗಾದಿಗೆ ಮುಗಿಯುತ್ತದೆ.

ನಿಮ್ಮಲ್ಲಿ ಮಲಗಲು ಜಾಗ ಆಗುತ್ತದೋ ಇಲ್ಲವೋ, ಏನೇನು ತರಬೇಕು, ಬರೆ.

ನಿನ್ನ ಪಕ್ಕದವಳು,
ವಾಣಿಶ್ರೀ


ಹಮ್ಮಿಗಿ
೧೧ ಮಾರ್ಚ್, ಮಂಗಳವಾರ

ಲೇ ವಾಣಿ,

ನಾ ಮಾತಾಡಿದಂಗ ಬರಿಯಾಕಿ, ತಪ್ಪ ಹುಡುಕಬ್ಯಾಡ.

ಮಲಗಾಕ ಜಾಗಾ ಆಕ್ಕತೇನು ಅಂತ ಕೇಳ್ತಿಯಲ್ಲ, ನಾಚಿಕಿ ಬರಬೇಕ ನಿನಗ. ಅಟ್ಟದ ಮ್ಯಾಲಿನ ಕವದಿ ಇಳಿಸಿ ಬಿಸಲಿಗೆ ಹಾಕೀನಿ. ನಮ್ಮ ಅತ್ತಿ ರಾಮವ್ವ, "ಯಾರ ಬರ್ತಾರವಾ, ಹೆಣ್ಣ ನೋಡಾಕ ಬರ್ತಾರೇನ?" ಅಂತ ಕೇಳಿದ್ರು. "ನನ್ನ ಗೆಳತಿ ಬರ್ತಾಳ್ರಿ" ಅಂದೆ. "ಗೆಳತಿಗೆ ಇಷ್ಟ ಕವದಿ?" ಅಂದ್ರು. ನನ್ನ ಗಂಡ ಹೊನ್ನೇಶ ನಕ್ಕೋತ ಹೊಲಕ್ಕ ಹ್ವಾದ.

ನಮ್ಮ ಹೊಲದ ಕೆಳಗ ಹೊಳಿ ಒಂದ ಕಡೆ ತೆಳ್ಳಗ ಹರೀತೈತಿ. ಮೊಣಕಾಲಿನ ಮಟ ನೀರು, ಉಳದದ್ದು ಮರಳು. ನಮ್ಮ ವೀರು ಐದ ವರ್ಷದಂವಾ, ಅಲ್ಲೇ ಉಳ್ಳಾಡಿ ಬೆಳದಾನ. ಕುಂಡ್ರಾಕ ಒಂದ ಚಪ್ಪಟಿ ಕಲ್ಲೈತಿ, ಮಧ್ಯಾಹ್ನ ಅದರ ಮ್ಯಾಲೆ ಜಾಲಿಗಿಡದ ನೆರಳ ಬರ್ತೈತಿ. ಅದು ನಿಂದು, ಇನ್ನ ಯಾರಿಗೂ ಕೊಡೂದಿಲ್ಲ. ಹುಡುಗ್ರಿಗೆ ಎರಡೆರಡ ಜೋಡಿ ಹಳೇ ಅರಿವಿ ತಾ. ಸೊಳ್ಳಿ ಬತ್ತಿ ತಾ. ಸುಶ್ಮಿತಾಗ ರೊಟ್ಟಿ ಇಳೀತೈತೋ ಅನ್ನಾ ಬೇಕೋ ಹೇಳು. ನಿನ್ನ ಗಂಡ ಅಂದಪ್ಪನ ಊಟದ ಸುದ್ದಿ ನೀನ ಬರಿ, ಆ ಮನಶಾ ಮದಿವ್ಯಾಗೂ ಬಾಯಿ ಬಿಟ್ಟಿದ್ದಿಲ್ಲ.

ನಾ ಎರಡ ದಿನ ಹೊಲದಾಗ ಕಳೆ ತಗಿಯಾಕ ಹೋಗೂದಿಲ್ಲ ಅಂತ ಈಗ ಹೇಳಿಟ್ಟೀನಿ. ಎಮ್ಮಿ ಹೊನ್ನೇಶ ಹಿಂಡ್ತಾನ. ನೀ ಕುಂತ್ರ ನಾನೂ ಕುಂಡ್ರತೀನಲೇ. ಒಬ್ಬಾಕೀನ ಕುಂತ್ರ ಈ ಮನ್ಯಾಗ ಮೈಗಳ್ಳಿ ಅಂತಾರ, ಮಂದಿ ಬಂದಾಗ ಕುಂತ್ರ ಮರ್ಯಾದಿ ಅಂತಾರ.

ಯುಗಾದಿ ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂದು ನಿಂದರ್ತೀನಿ.

ಅನ್ನಪೂರ್ಣ


ಬೆಟಗೇರಿ
೮ ಏಪ್ರಿಲ್, ಮಂಗಳವಾರ

ಅನ್ನಪೂರ್ಣಾ,

ನೀನು ಬಸ್ಸಿಗೆ ಬಂದು ಕಾದಿದ್ದೆ ಎಂದು ಕೊಟ್ರೇಶಣ್ಣ ಹೇಳಿದ. ಮಧ್ಯಾಹ್ನದ ಬಸ್ಸು, ಸಂಜೆಯ ಬಸ್ಸು ಎರಡೂ ನೋಡಿ ಹೋದೆಯಂತೆ. ತಪ್ಪಾಯಿತು.

ಯುಗಾದಿಯ ಹಿಂದಿನ ದಿನ ಹಾಸು ಮುಗಿಯಿತು. ಇವರು ಕೊನೆಯ ಸೀರೆ ಕತ್ತರಿಸಿ ಇಳಿಸಿದರು. ನಾನು ಚೀಲ ತುಂಬಿಟ್ಟೆ. ಹಬ್ಬದ ದಿನ ಅಪ್ಪು ಚಪ್ಪಲಿ ಹಾಕಿಕೊಂಡೇ ಊಟಕ್ಕೆ ಕೂತ, ಬಸ್ಸು ತಪ್ಪುತ್ತದೆ ಅಂತ. ನಾಳೆ ಕಣೋ ಅಂದರೂ ಕೇಳಲಿಲ್ಲ. ನಾವು ಕೈ ತೊಳೆಯುವಷ್ಟರಲ್ಲಿ, ನಮಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರರ ಮನುಷ್ಯ ಹುಲಗಪ್ಪ ಸೈಕಲ್ಲಿನ ಮೇಲೆ ಹೊಸ ಹಾಸಿನ ಗಂಟು ಹೇರಿಕೊಂಡು ಬಂದ.

ಎಂಟು ವರ್ಷದಿಂದ ಈ ಮನೆಯಲ್ಲಿದ್ದೇನೆ. ಆದರೂ ಇದು ನನ್ನ ತಲೆಗೆ ಹೊಳೆದಿರಲಿಲ್ಲ ನೋಡು. ಮಗ್ಗ ಖಾಲಿಯಾದರೆ ಬಿಡುವು ಇವರಿಗೆ. ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಕೂಡಿಸಬೇಕಲ್ಲ, ಒಂದೊಂದೇ ಎಳೆ ತೆಗೆದುಕೊಂಡು, ಬೆರಳಿಗೆ ಬೂದಿ ಹಚ್ಚಿ, ಹೊಸೆದು ಹೊಸೆದು. ಅದಕ್ಕೆ ಕೆಚ್ಚುವುದು ಅನ್ನುತ್ತೇವೆ. ಅದು ಹೆಂಗಸರ ಕೆಲಸ. ನಾಲ್ಕು ಸಾವಿರ ಎಳೆ. ಕತ್ತು ಬಗ್ಗಿಸಿ ಕೂತರೆ ಮೂರು ದಿನ. ಅತ್ತೆಗೆ ಈಗ ಎಳೆ ಕಾಣುವುದಿಲ್ಲ, ಉಳಿದವಳು ನಾನೊಬ್ಬಳೇ. ಕೆಚ್ಚಿ ಮುಗಿದ ತಕ್ಷಣ ಇವರು ಮಗ್ಗಕ್ಕೆ ಕೂರುತ್ತಾರೆ. ಅಂದರೆ ಇವರು ಹೇಳಿದ ಆ ಖಾಲಿ ದಿನ ನನ್ನ ಪಾಲಿಗೆ ಇಲ್ಲವೇ ಇಲ್ಲ.

"ಎರಡ ದಿನ ಬಿಟ್ಟು ಕೆಚ್ಚಿದ್ರ ಆಗೂದಿಲ್ಲೇನ್ರಿ?" ಎಂದು ಕೇಳಿದೆ. ಅತ್ತೆ ಹೇಳಿದರು: "ಹಾಸು ಮನಿಗೆ ಬಂದ ಮ್ಯಾಲೆ ಮೂಲ್ಯಾಗ ಇಡಬಾರದವಾ. ಇಲಿ ಬಾಯಿ ಹಾಕ್ತಾವ." ಇವರು, "ಮುಂದಿನ ಹಾಸು ಮುಗೀಲಿ, ಖರೇನ ಹೋಗೂಣು" ಅಂದರು. ಇವರು ಸುಳ್ಳು ಹೇಳುವವರಲ್ಲ. ಹೇಳುವಾಗ ಖರೇನೇ ಹೇಳುತ್ತಾರೆ. ಹಾಗಾಗಿ ಜಗಳ ಮಾಡಲಿಕ್ಕೂ ಆಗುವುದಿಲ್ಲ.

ಆ ಮೂರು ದಿನ ಇವರು ಹೊರಗಿನ ಕಟ್ಟೆಯ ಮೇಲೆ ಮಲಗಿದ್ದರು. ಮಗ್ಗದ ಕುಣಿಯಲ್ಲಿ ಕೂತು ಕೂತು ಅವರ ಸೊಂಟ ಹಿಡಿದಿರುತ್ತದೆ. ಅದೂ ಖರೆ.

ಅಪ್ಪು ಮೂರು ದಿನ ಚಪ್ಪಲಿ ಬಿಚ್ಚಲಿಲ್ಲ. ನಾಲ್ಕನೇ ದಿನ ತಾನಾಗಿಯೇ ಬಿಚ್ಚಿಟ್ಟ.

ವಾಣಿಶ್ರೀ


ಹಮ್ಮಿಗಿ
೧೫ ಏಪ್ರಿಲ್, ಮಂಗಳವಾರ

ವಾಣಿ,

ಸಿಟ್ಟ ಬಂದೈತಿ, ಅದಕ್ಕ ಸಣ್ಣ ಪತ್ರ.

ನೀ ಮದಿವಿ ಆಗಿದ್ದು ಅಂದಪ್ಪನ್ನೋ ಅವನ ಮಗ್ಗಾನೋ? ಈಗ ಹಾಸು ಕೆಚ್ಚಿ ಮುಗದೈತಿ. ಅಂವಾ ಮಗ್ಗಕ್ಕ ಕುಂತಾನ. ನಿನ್ನ ಕೈ ಖಾಲಿ ಐತಿ. ಹುಡುಗ್ರನ್ನ ಕರಕೊಂಡು ನೀನ ಬಾ. ಲಾಳಿಗೆ ನೂಲು ಎರಡ ದಿನದ್ದು ಮೊದಲ ಸುತ್ತಿಟ್ಟು ಬಾ. ಹೆಂಗಸರಿಗೆ ಬಸ್ಸಿನ್ಯಾಗ ಟಿಕೇಟಿಲ್ಲ, ಆಧಾರ ತೋರ್ಸು, ಕುಂಡ್ರು. ಸರ್ಕಾರ ಕರಕೊಂಡ ಹೊಂಟೈತಿ, ನಿಮ್ಮನಿಯವರಿಗೆ ಏನ ಧಾಡಿ?

ಕವದಿ ಇನ್ನೂ ಅಟ್ಟಕ್ಕ ಏರಿಸಿಲ್ಲ.

ಅನ್ನಪೂರ್ಣ


ಬೆಟಗೇರಿ
೨೯ ಏಪ್ರಿಲ್, ಮಂಗಳವಾರ

ಅನ್ನಪೂರ್ಣಾ,

ಕೇಳಿದೆ. ಕೇಳಲು ಎಂಟು ದಿನ ಬೇಕಾಯಿತು.

ಅತ್ತೆಗೆ ಎಣ್ಣೆ ಹಚ್ಚುವಾಗ ಕೇಳಿದೆ. "ನಾ ಮಕ್ಳನ್ನ ಕರಕೊಂಡು ಎರಡ ದಿನ ಹಮ್ಮಿಗಿಗೆ ಹೋಗಿ ಬರ್ಲ್ಯಾ?"

"ಗಂಡನ್ನ ಬಿಟ್ಟು ಗೆಳತಿ ಮನಿಗೆ? ತವರಮನಿ ಆದ್ರ ಬ್ಯಾರೆ ಮಾತು."

"ತವರಮನ್ಯಾಗ ಯಾರೂ ಇಲ್ಲಲ್ರಿ ಅತ್ತಿ."

"ಮತ್ತ? ಹೋಗೂದರ ಯಾಕ?"

ಇವರು ಒಳಗಿನಿಂದ ಕೇಳಿಸಿಕೊಂಡಿದ್ದರು. ಊಟಕ್ಕೆ ಕೂತಾಗ ಅಂದರು: "ಎರಡ ಹುಡುಗ್ರನ್ನ ಹೊಳ್ಯಾಗ ಒಬ್ಬಾಕಿ ಹೆಂಗ ಹಿಡೀತಿ? ಒಂದನ್ನ ಹಿಡಿಯೂದ್ರಾಗ ಇನ್ನೊಂದು ಹೋಗಿರತೈತಿ. ತಡಿ, ನಾ ಸಾಹುಕಾರರಿಗೆ ಹೇಳ್ತೀನಿ, ಈ ಸಲ ಹಾಸು ಮೂರ ದಿನ ತಡಾ ಮಾಡಿ ಕಳಸ್ರಿ ಅಂತ. ನಾಕೂ ಮಂದಿ ಕೂಡೇ ಹೋಗೂಣು."

ಇದು ನನ್ನ ತಲೆಗೂ ಬಂದಿರಲಿಲ್ಲ. ಹಾಸೇ ತಡವಾಗಿ ಬಂದರೆ ಅತ್ತೆಯ ಇಲಿಗೂ ಕೆಲಸವಿಲ್ಲ. ಅವತ್ತು ಇವರಿಗೆ ಎರಡು ಸಲ ತುಪ್ಪ ಬಡಿಸಿದೆ.

ಮೇ ಹತ್ತಕ್ಕೆ ಹಾಸು ಮುಗಿಯುತ್ತದೆ. ಸೋಮವಾರ ಹನ್ನೆರಡಕ್ಕೆ ಬಂದು ಬುಧವಾರ ಹೊರಡುತ್ತೇವೆ. ಪಕ್ಕದ ಮನೆಯ ಜನ್ನತಬಿ ತಾನು ತವರಿಗೆ ಒಯ್ಯುವ ಜಿಪ್ಪಿನ ಚೀಲ ಕೊಟ್ಟಿದ್ದಾಳೆ. "ಹರಕ ಚೀಲ ಹಿಡ್ಕೊಂಡು ಊರಿಗೆ ಹೋದ್ರ ಗಂಡನ ಮರ್ಯಾದಿ ಹೋಗ್ತೈತಿ, ಇದನ್ನ ಒಯ್ಯಿ" ಅಂದಳು. ಸುಶ್ಮಿತಾಳಿಗೆ ಅನ್ನ ಬೇಕು, ರೊಟ್ಟಿ ಹಾಲಿನಲ್ಲಿ ನೆನೆಸಿದರೆ ತಿನ್ನುತ್ತಾಳೆ. ಇವರಿಗೆ ಏನು ಹಾಕಿದರೂ ನಡೆಯುತ್ತದೆ, ಖಾರ ಮಾತ್ರ ಕಡಿಮೆ ಆಗಬಾರದು. ನನಗೆ ಏನೂ ಮಾಡಬೇಡ. ನಾನು ನಿನ್ನ ಕಲ್ಲಿನ ಮೇಲೆ ಕೂರುತ್ತೇನೆ.

ಬಿಸಿಲಿಗೆ ತಲೆ ಸಿಡಿಯುತ್ತಿದೆ. ಆದರೆ ದಿನ ಎಣಿಸುತ್ತಿದ್ದರೆ ಸ್ವಲ್ಪ ಹಗುರ.

ವಾಣಿಶ್ರೀ


ಹಮ್ಮಿಗಿ
೧೩ ಮೇ, ಮಂಗಳವಾರ, ಮುಂಜಾನೆ

ವಾಣಿ,

ನಿನ್ನಿ ಮಧ್ಯಾಹ್ನದ ಬಸ್ಸಿಗೆ ನಿಂತಿದ್ದೆ. ಮೊದಲ ಅಪ್ಪು ಇಳದ. ಆಮ್ಯಾಲೆ ಸುಶ್ಮಿತಾನ್ನ ಬಗಲಾಗ ಎತ್ಕೊಂಡು ನಿನ್ನ ಗಂಡ. ಜಿಪ್ಪಿನ ಚೀಲ ಇಳೀತು. ನಾ ಇನ್ನೂ ಬಾಗಲಾ ನೋಡಕೋತ ನಿಂತೀನಿ. ಕಂಡಕ್ಟರ ಸೀಟಿ ಊದಿದ, ಬಸ್ ಹೋತು.

"ವಾಣಿ ಎಲ್ಲೈದಾಳ್ರಿ?" ಅಂದೆ.

"ಆಕಿ ಕೆಚ್ಚಾಕತ್ತಾಳ್ರಿ. ಹಾಸು ನಿನ್ನೇನ ಬಂತು. ಇವು ಅತ್ತು ಜೀವಾ ತಿಂದ್ವು, ಅದಕ್ಕ ನಾನ ಕರಕೊಂಡ ಬಂದೆ. ಆಕಿಗೂ ಎರಡ ದಿನ ಆರಾಮ."

"ಆರಾಮ?"

"ಹುಡುಗ್ರ ಕಾಟ ಇಲ್ಲಲ್ರಿ. ಕೆಚ್ಚೋದೊಂದ ಕೆಲಸ."

ಚ್ಯಾಷ್ಟಿ ಮಾಡಾಕತ್ತಾನೇನಂತ ಮಾರಿ ನೋಡಿದೆ. ಇಲ್ಲ, ಖರೇನ ಹಂಗ ತಿಳಕೊಂಡಾನ. ನಿನಗ ಉಪಕಾರ ಮಾಡೀನಿ ಅಂತ.

ಹುಡುಗ್ರು ಆರಾಮ ಅದಾವ. ಅಪ್ಪು ಹೊಳಿ ನೋಡಿ, "ಇದರ ನಳಾ ಎಲ್ಲೈತಿ, ಬಂದ್ ಮಾಡ್ರಿ, ನೀರ ಹಾಳಾಗ್ತೈತಿ" ಅಂದ. ಎಲ್ಲಾರೂ ನಕ್ಕಿವಿ. ನೀ ಇದ್ದಿದ್ರ ನೀನೂ ನಗತಿದ್ದಿ. ಸುಶ್ಮಿತಾ ಮೊದಲ ಅತ್ಲು, ಆಮ್ಯಾಲೆ ವೀರೂನ ಚಡ್ಡಿ ಹಿಡ್ಕೊಂಡು ನೀರಿಗೆ ಇಳದ್ಲು, ಈಗ ಎಳದ್ರೂ ಮ್ಯಾಲೆ ಬರವಲ್ಲಳು.

ನಿನ್ನ ಗಂಡ ನಿನ್ನ ಕಲ್ಲಿನ ಮ್ಯಾಲೆ ಕುಂತಾನ. ಏಳಸಬೇಕಂತ ಹ್ವಾದೆ. ನೀರಾಗ ಬಿಟ್ಟ ಅವನ ಕಾಲು ನೋಡಿದೆ. ಬಿಸಲ ಕಾಣದ ಕೂಸಿನ ಕಾಲಿನಂಗ ಬೆಳ್ಳಗ ಅದಾವಲೇ. ಸುಮ್ಮನ ಹೊಳ್ಳಿ ಬಂದೆ.

ನಾ ಎರಡ ದಿನ ಕುಂಡ್ರಬೇಕಂತ ತಗದಿಟ್ಟಿದ್ದೆ. ಅದರಾಗ ನಿನ್ನ ಗಂಡಗ ರೊಟ್ಟಿ ಬಡದೆ. ಕೊಟ್ರೇಶ ಈಗ ಹೊಂಟಾನ, ಅವನ ಕೈಯಾಗ ಇದನ್ನ ಕೊಡ್ತೀನಿ. ನಾಳೆ ಮಧ್ಯಾಹ್ನ ಇವರು ಇಲ್ಲಿಂದ ಹೊಂಡ್ತಾರ. ಇನ್ನ ನಾ ನಿನಗ ಬಾ ಅಂತ ಬರಿಯೂದಿಲ್ಲ. ಸಾಕಾತು.

ಅನ್ನಪೂರ್ಣ


ಹಮ್ಮಿಗಿ
೧೬ ಮೇ, ಶುಕ್ರವಾರ

ಅಪ್ಪುವಿನ ಅಪ್ಪ ಅವರಿಗೆ,

ಎಂಟು ವರ್ಷದಲ್ಲಿ ನಿಮಗೆ ಬರೆಯುವ ಮೊದಲ ಪತ್ರ. ಬೇಸಿಗೆಯಲ್ಲಿ ಕೊಟ್ರೇಶಣ್ಣ ಶನಿವಾರವೂ ಗದಗಿಗೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಫೋನ್ ಮಾಡಬೇಡಿ. ಫೋನಿನಲ್ಲಿ ನೀವು ಬಾ ಅಂದರೆ ನಾನು ಹೂಂ ಅಂದುಬಿಡುತ್ತೇನೆ.

ಮೊನ್ನೆ ಬುಧವಾರ ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ನೀವು ಹಮ್ಮಿಗಿಯ ಬಸ್ಸಿನಿಂದ ಇಳಿದಿರಿ, ನಾನು ಗದಗಿನ ಬಸ್ಸಿನಿಂದ ಇಳಿದೆ. "ಯಾರಿಗೇನಾತು?" ಎಂದು ಗಾಬರಿಯಾದಿರಿ. ಯಾರಿಗೂ ಏನೂ ಆಗಿರಲಿಲ್ಲ. "ಕೆಚ್ಚಿ ಮುಗೀತೇನ?" ಅಂದಿರಿ. ಇಲ್ಲ ಎಂದು ತಲೆ ಅಲ್ಲಾಡಿಸಿದೆ. "ಮತ್ತ ನೀ ಎಲ್ಲಿಗೆ ಹೊಂಟಿ?" ಅಂದಿರಿ. ನಾನು ಹಮ್ಮಿಗಿಯ ಬಸ್ಸಿನ ಕಡೆ ಕೈ ಮಾಡಿದೆ. ಮಕ್ಕಳು ಇಳಿದ ಬಸ್ಸಿಗೇ ಮತ್ತೆ ಓಡಿ ಹತ್ತಿದವು. ನೀವು ಚೀಲವನ್ನು ನನ್ನ ಕೈಗೆ ಕೊಟ್ಟಿರಿ. ಸಿಟ್ಟಿನಿಂದ ಕೊಟ್ಟಿರೋ ಏನೋ, ನಿಮ್ಮ ಮುಖ ನೋಡಲು ನನಗೆ ಧೈರ್ಯ ಆಗಲಿಲ್ಲ. ಅವತ್ತು ಹೇಳದೇ ಇದ್ದದ್ದನ್ನು ಬರೆಯುತ್ತೇನೆ.

ನೀವು ಸಾಹುಕಾರರಿಗೆ ಹೇಳಿರಲೇ ಇಲ್ಲ. ಹಾಸು ತಂದ ದಿನ ಹುಲಗಪ್ಪನೇ ಬಾಯಿ ಬಿಟ್ಟ. ಹೇಳಲು ನಿಮಗೆ ಸಂಕೋಚ ಆಗಿರಬೇಕು. ಸಂಕೋಚ ಏನೆಂದು ನನಗೆ ಗೊತ್ತಿದೆ, ಅದಕ್ಕೆ ಸುಮ್ಮನಿದ್ದೆ. ಮರುದಿನ ನೀವು ಮಕ್ಕಳನ್ನು ಕರೆದುಕೊಂಡು ಹೊರಟಾಗ ನಾನೇ ಬುತ್ತಿ ಕಟ್ಟಿದೆ.

ಮಂಗಳವಾರ ಅನ್ನಪೂರ್ಣಳ ಪತ್ರ ಬಂತು. ಓದಿ ಅಕ್ಕಿ ಡಬ್ಬಿಯಲ್ಲಿಟ್ಟು ಮತ್ತೆ ಕೆಚ್ಚಲು ಕೂತೆ. ಬುಧವಾರ ಬೆಳಗ್ಗೆಗೆ ಎರಡು ಸಾವಿರದ ಆರುನೂರು ಎಳೆ ಆಗಿತ್ತು. ಅತ್ತೆ ಪಕ್ಕದಲ್ಲಿ ಕೂತು, "ನಲವತ್ತ ವರ್ಷ ಕೆಚ್ಚೀನವಾ, ಒಂದ ಸಲಾನೂ ಅರ್ಧಕ್ಕ ಬಿಟ್ಟು ಎದ್ದಿಲ್ಲ" ಅಂದರು.

"ಯಾಕ ಏಳಲಿಲ್ಲರಿ ಅತ್ತಿ?" ಎಂದು ಕೇಳಿದೆ. ಕೇಳಬೇಕು ಅಂತ ಕೇಳಲಿಲ್ಲ, ಬಾಯಿಗೆ ಬಂತು.

ಅವರು ಹಾಸಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಎದ್ದು ಎಲ್ಲಿಗೆ ಹೋಗೂದಿತ್ತು?" ಅಂದರು.

ನಾನು ಕೈಯ ಬೂದಿ ತೊಳೆದೆ. ನೀರಿನ ಸಪ್ಪಳ ಕೇಳಿ ಅತ್ತೆಗೆ ಗೊತ್ತಾಯಿತು. ಎಲ್ಲಿಗೆ ಎಂದು ಕೇಳಲಿಲ್ಲ. "ಎರಡ ರೊಟ್ಟಿ ಕಟ್ಕೊ, ಬಸ್ಸಿನ್ಯಾಗ ಹಸಿವಾಕ್ಕತಿ" ಅಂದರು. ಅವರ ಮೇಲೆ ಸಿಟ್ಟಾಗಬೇಡಿ.

ಇಲ್ಲಿಗೆ ಬಂದು ನಾನು ಹೊಳೆಗೆ ಹೋಗಲಿಲ್ಲ, ಮಲಗಿದೆ. ಗುರುವಾರವೂ ಮಲಗಿದೆ. ಮಕ್ಕಳು ಯಾರ ಕೈಯಲ್ಲಿ ಉಂಡರೋ ತಿಳಿಯದು. ಅರೆ ನಿದ್ದೆಯಲ್ಲಿ ರಾಮವ್ವನವರ ಮಾತು ಕೇಳಿಸಿತು, "ಈಕಿಗೆ ಆರಾಮಿಲ್ಲೇನ?" ಅಂತ. "ಆರಾಮ ಆಗಾಕತ್ತೈತ್ರಿ, ಸುಮ್ನಿರ್ರಿ" ಅಂದಳು ಅನ್ನಪೂರ್ಣ.

ಇವತ್ತು ಹೊಳೆಗೆ ಹೋದೆ. ಅಷ್ಟೇನೂ ಅನಿಸಲಿಲ್ಲ. ನೀರು, ಮರಳು, ಎಮ್ಮೆಗಳು. ಅನ್ನಪೂರ್ಣ ಪಕ್ಕದಲ್ಲಿ ಕೂತಳು. ಕಾಲು ನೀರಿನಲ್ಲಿತ್ತು, ಬೆರಳು ಮಾತ್ರ ತಾವಾಗಿಯೇ ಎಳೆ ಹೊಸೆಯುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ನಿಂತಿದ್ದವು.

ಉಳಿದಿರುವುದು ಸಾವಿರದ ನಾಲ್ಕುನೂರು ಎಳೆ. ನೀವು ಸಣ್ಣವರಿದ್ದಾಗ ಅತ್ತೆಯ ಎದುರು ಕೂತು ಕೆಚ್ಚುತ್ತಿದ್ದಿರಂತೆ, ಮೀಸೆ ಬಂದ ಮೇಲೆ ಬಿಟ್ಟಿರಂತೆ. ನಾನು ಮಂಗಳವಾರ ಬರುತ್ತೇನೆ. ಅಷ್ಟರಲ್ಲಿ ಹಾಸು ಕೆಚ್ಚಿ ಮುಗಿದಿರಬೇಕು. ಬೇಕು ಎಂದು ನಾನು ನಿಮಗೆ ಹಿಂದೆ ಯಾವತ್ತೂ ಹೇಳಿಲ್ಲ. ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ.

ವಾಣಿಶ್ರೀ


ಬೆಟಗೇರಿ
೧೭ ಮೇ, ಶನಿವಾರ

ವಾಣಿಶ್ರೀಗೆ,

ಕೊಟ್ರೇಶ ಗಾಡಿ ಚಾಲೂ ಇಟ್ಕೊಂಡು ನಿಂತಾನ, ಜಲ್ದಿ ಬರೀತೀನಿ. ನನಗ ಬರದು ರೂಢಿ ಇಲ್ಲ.

ಮುಂಡರಗ್ಯಾಗ ಸಿಟ್ಟಿಲೆ ಚೀಲಾ ಕೊಟ್ಟಿದ್ದು ಖರೆ. ಗದಗ ಬರೂತನಕ ಸಿಟ್ಟಿತ್ತು. ಮನಿಗೆ ಬಂದು ನೋಡಿದ್ರ ಮಗ್ಗದ ಮುಂದ ಅರ್ಧಾ ಹಾಸು ಜೋತಾಡಾಕತ್ತಿತ್ತು. ಸಾಹುಕಾರರಿಗೆ ಹೇಳೂದು ನನ್ನ ಕಡೆ ಆಗಲಿಲ್ಲ. ನೀ ಬರದದ್ದು ಸರಿ ಐತಿ.

ನಿನ್ನ ಪತ್ರ ಇವತ್ತ ಬಂತು. ನಾ ಗುರುವಾರನ ಕೆಚ್ಚಾಕ ಕುಂತೀನಿ. ಓಣ್ಯಾಗ ಕಾಣಬಾರದಂತ ಬಾಗಲಾ ಮುಚ್ಚಿ ಇಟ್ಟಿದ್ದೆ. ಜನ್ನತಬಿ ಸಕ್ರಿ ಕೇಳಾಕ ಬಂದು ನೋಡೇಬಿಟ್ಟಳು. "ಹುಷಾರ್ರಿ ಅಂದಪ್ಪಣ್ಣ, ನಾಳೆ ಬಳಿ ತೊಡಸ್ತಾರ" ಅಂದಳು. ಬಾಗಲಾ ತಗದೀನಿ ಈಗ, ಮುಚ್ಚಿದ್ರ ಧಗಿ.

ಎರಡೂವರೆ ದಿನದಾಗ ಸಾವಿರದ ನೂರು ಎಳಿ ಕೆಚ್ಚಿದೆ. ಇವತ್ತ ಮುಂಜಾನೆ ಸೀರಿ ದಡಿ ಸುರು ಆಗೂ ಜಾಗಾಕ್ಕ ಬಂದೆ. ಹಳೇ ಹಾಸಿನ್ಯಾಗ ದಡಿ ಕೆಂಪ ಎಳಿ ಬಂತು, ಹೊಸಾದ್ರಾಗ ನೋಡಿದ್ರ ಇನ್ನೂ ಒಡಲಿನ ಒಂದು ಹಸರ ಎಳಿ ಉಳದೈತಿ. ಹಳೇದ್ರಾಗ ಎಲ್ಲೋ ಒಂದು ಎಳಿ ಬಿಟ್ಟು ಮುಂದಿಂದು ಹಿಡದೀನಿ, ಅಲ್ಲಿಂದ ಎಲ್ಲಾ ಒಂದೊಂದು ಸರದು ಕುಂತಾವ. ಹಿಂದಕ್ಕ ಹುಡಕೋತ ಹ್ವಾದೆ. ಗುರುವಾರ ಮಧ್ಯಾಹ್ನನ ತಪ್ಪೀನಿ. ಒಂಬೈನೂರು ಬಿಚ್ಚಬೇಕು. ಕತ್ತು ಎತ್ತಾಕ ಬರವಲ್ದು. ಅವ್ವಗ ಹೇಳಿದ್ದಿಲ್ಲ, ಆಕಿ ಬೆರಳ ಆಡಿಸಿ ತಿಳಕೊಂಡ್ಳು. ಬಿದ್ದು ಬಿದ್ದು ನಕ್ಕಳು. ಆಕಿ ಹಂಗ ನಕ್ಕಿದ್ದು ನಾ ಇತ್ತಿತ್ತಲಾಗ ನೋಡಿಲ್ಲ.

ಹುಲಗಪ್ಪ ಸೀರಿ ಯಾವಾಗ ಅಂತ ಕೇಳಿದ. ತಡಾ ಆಕ್ಕತಿ ಅಂತ ಹೇಳೀನಿ.

ನೀ ಮಂಗಳವಾರ ಬರಬ್ಯಾಡ. ಈ ಬಿಚ್ಚಿದ ಹಾಸು ನಿನ್ನ ಕಣ್ಣಿಗೆ ಬೀಳೂದು ಬ್ಯಾಡ. ಮುಂದಿನ ಶನಿವಾರ ಬಾ.

ಅಂದಪ್ಪ